ಓಡುವ ಮಾತು, ನಡೆಯುವ ಮಾತು

ಆಂಗ್ಲ ವೃತ್ತಪತ್ರಿಕೆಗಳಲ್ಲಿ ‘ರನ್’ ಎಂಬ ಕಿರಿದಾದ ಕ್ರಿಯಾಪದವು ಹೊರುವ ಹೊರೆಯನ್ನು ಕಂಡರೆ ಕನಿಕರ ಹುಟ್ಟುತ್ತದೆ. ಕುದುರೆ ಓಡುವುದೂ ರೈಲು ಓಡುವುದೂ ಸರಿಯೆ. ಆದರೆ ಅಲ್ಲಿ ಸಂಪಾದಕನು ಪತ್ರಿಕೆಯನ್ನು ಓಡಿಸುತ್ತಾನೆ, ಪತ್ರಿಕೆಯು ಸುದ್ದಿಯನ್ನು ಓಡಿಸುತ್ತದೆ, ಸರಕಾರವು ಆಯವ್ಯಯದ ಕೊರತೆಯನ್ನು ಓಡಿಸುತ್ತದೆ, ಅಮೆರಿಕದಲ್ಲಂತೂ ಅಧ್ಯಕ್ಷಪದವಿಗಾಗಿ ವಯೋವೃದ್ಧರೂ ಓಡುತ್ತಾರೆ. ಆಕ್ಸ್‌ಫರ್ಡಿನ ನಿಘಂಟುಕಾರರು ಈ ಒಂದೇ ಕ್ರಿಯಾಪದಕ್ಕೆ 600ಕ್ಕೂ ಮಿಕ್ಕ ಅರ್ಥಗಳನ್ನು ಎಣಿಸಿದ್ದಾರೆ. ಕನ್ನಡದಲ್ಲಿ ಓಡಿಸುವುದೆಂದರೆ ಬಂಡಿಯನ್ನು ಓಡಿಸುವುದು, ಇಲ್ಲವೆ ಅಟ್ಟಿಬಿಡುವುದು. ಕೊರತೆಯನ್ನು ನಿಜವಾಗಿ ಓಡಿಸಬಲ್ಲ ಅರ್ಥಸಚಿವನು ದೊರೆತರೆ ಅವನಿಗೆ ಮೆರವಣಿಗೆಯನ್ನೇ ಮಾಡಬಹುದು!

ಆದಕಾರಣವೇ, 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗನು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ದಿನ ಮೊದಲ್ಗೊಂಡು, 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರು ‘ಮೈಸೂರು ವೃತ್ತಾಂತ ಬೋಧಿನಿ’ಯನ್ನು ಆರಂಭಿಸಿದ ಕಾಲವನ್ನು ಹಾದು ಇಂದಿನವರೆಗೆ, ಕನ್ನಡದ ಪತ್ರಿಕೆಯನ್ನು ಓಡಿಸಿದವರು ಯಾರೂ ಇಲ್ಲ. ಅದನ್ನು ಹೊರಡಿಸಿದರು; ಹೊರಟುದನ್ನು ಕಷ್ಟವೋ ಸುಖವೋ ನಡೆಸಿದರು.

ಈ ‘ನಡೆಸು’ ಎಂಬುದು ಪತ್ರಿಕಾಕರ್ತರು ಹೊಸದಾಗಿ ಕಟ್ಟಿದ ಮಾತಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ಣಾಟಿಕ’ದ 4ನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಇಂತಹ ಶಾಸನಗಳ ಭಾಷೆಯಲ್ಲಿ, ಹಿರಿಯರು ಕೊಟ್ಟ ಧರ್ಮವನ್ನು ಚಂದ್ರಸೂರ್ಯರಿರುವವರೆಗೆ ಕಿರಿಯರು ‘ನಡೆಸಿಕೊಂಡು’ ಬರಬೇಕೆಂಬುದು ವಾಡಿಕೆಯ ವಿಧಿ. ದೇವರ ನೈವೇದ್ಯಕ್ಕೆ, ಅನ್ನಸತ್ರಕ್ಕೆ ಸಲ್ಲುತ್ತಿದ್ದ ಆ ಕ್ರಿಯಾಪದವು ಕಲ್ಲುಶಾಸನದಿಂದ ಕಲ್ಲಚ್ಚಿಗೆ ದಾಟಿ ಬಂದು, ಚಂದಾದಾರರ ಬಾಕಿಯನ್ನೇ ನೆಚ್ಚಿಕೊಂಡ ಪತ್ರಿಕೆಗೂ ಹೊಂದಿಕೊಂಡಿತು. ಓಟಕ್ಕೆ ದಣಿವುಂಟು, ನಡಿಗೆ ದೂರ ಸಾಗುತ್ತದೆ. ನಮ್ಮವರ ಆಯ್ಕೆಯೇ ಮೇಲೆಂದು ನನಗೆ ತೋರುತ್ತದೆ.

ನಡೆಯುವುದು ಒಮ್ಮೊಮ್ಮೆ ನಿಲ್ಲುವುದೂ ಉಂಟು. 1908ರಲ್ಲಿ ಮೈಸೂರು ಸರಕಾರವು ಪತ್ರಿಕೆಗಳ ಮೇಲೆ ನಿರ್ಬಂಧದ ಕಾನೂನನ್ನು ಹೇರಿದಾಗ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ವಿಚಿತ್ರವೆಂದರೆ, ಪತ್ರಿಕೆ ‘ನಿಂತಿತು’ ಎಂದರೆ ಅದರ ಆಯುಸ್ಸು ಮುಗಿಯಿತೆಂದರ್ಥ. ಅದೇ ಪುಟದಲ್ಲಿ ಯಾರಾದರೂ ಚುನಾವಣೆಗೆ ‘ನಿಂತರು’ ಎಂದರೆ ಅವರ ಆಸೆ ಚಿಗುರಿತೆಂದರ್ಥ. ಅಭ್ಯರ್ಥಿಯು ಓಡದೆ ನಿಲ್ಲುವ ಪದ್ಧತಿ ಇಂಗ್ಲೆಂಡಿನಲ್ಲೂ ಇದೆ.

ಹಾಗೆಂದು ನಾವು ಓಡುವುದನ್ನು ತೀರ ಬಿಟ್ಟವರಲ್ಲ: ಚಲನಚಿತ್ರವು ನೂರು ದಿನ ಓಡುತ್ತದೆ, ಕ್ರಿಕೆಟ್ ವರದಿಯಲ್ಲಿ ಕೆಲಕಾಲ ಆಡಿದ ‘ಓಟ’ವಂತೂ ಈಗ ಸೋತು, ‘ರನ್’ ಎಂಬುದೇ ಅಂಕಣವನ್ನು ಆಕ್ರಮಿಸಿದೆ. ಮಿಕ್ಕ ಕಡೆಗಳಲ್ಲಿ ಒಂದೊಂದಕ್ಕೂ ಒಂದೊಂದು ಮಾತು: ಗಾಳಿಸುದ್ದಿ ಹಬ್ಬುತ್ತದೆ, ಲೇಖನ ಪ್ರಕಟವಾಗುತ್ತದೆ, ಆಲೆಮನೆಯ ಗಾಣ ಆಡುತ್ತದೆ, ಹೊಳೆ ಹರಿಯುತ್ತದೆ. ‘ನಾಲೆಗೆ ನೀರು ಹರಿಸಲಾಗಿದೆ’ ಎಂದು ಮಂಡ್ಯದ ಸುದ್ದಿಗಾರನು ಗಂಭೀರವಾಗಿ ಬರೆಯುತ್ತಾನೆ. ಆ ಸೀಮೆಯ ರೈತನಾದರೋ ‘ನೀರ್ ಬುಟ್ಟವ್ರೆ’ ಎಂದಷ್ಟೇ ಹೇಳಿ ಗುದ್ದಲಿಯನ್ನು ಹೆಗಲಿಗೇರಿಸುತ್ತಾನೆ. ದೇವರಿಗೆ ಗದ್ದೆಯನ್ನು ‘ಬಿಟ್ಟ’ರೆಂದು ಶಾಸನಗಳು ಹೇಳುವಾಗಲೂ ಬಳಸುವುದು ಆ ಮಾತನ್ನೇ.