ಕತ್ತರಿಯಿಂದ ನೂಲಿಗೆ: ಹಿಗ್ಗುವ ಪ್ಯಾಂಟಿನ ಕಥೆ

ಕನ್ನಡದ ಮನೆಗಳಲ್ಲಿ ‘ಚೂಡಿದಾರ್’ ಎಂದರೆ ಮೇಲಂಗಿ, ಪ್ಯಾಂಟು, ವೇಲು ಸೇರಿದ ಒಂದು ಜೊತೆ. ಮೂಲದಲ್ಲಿ ಅದು ಪ್ಯಾಂಟಿನ ಹೆಸರು ಮಾತ್ರ. ಹಿಂದಿ-ಉರ್ದುವಿನಲ್ಲಿ ‘ಚೂಡಿ’ ಎಂದರೆ ಬಳೆ. ಕಾಲಿನ ಅಳತೆಗಿಂತ ಉದ್ದವಾಗಿ ಹೊಲಿದ ಬಿಗಿ ಪೈಜಾಮ ಪಾದದ ಮೇಲೆ ಬಳೆ ಪೇರಿಸಿದಂತೆ ನೆರಿಗೆಗಟ್ಟುವುದರಿಂದ ಆ ಹೆಸರು ಬಂತು.

ಹತ್ತಿ ಬಟ್ಟೆ ರಬ್ಬರಿನಂತೆ ಹಿಗ್ಗುವುದಿಲ್ಲ. ಹಾಗಿದ್ದರೆ ಅಷ್ಟು ಬಿಗಿಯಾದ ಪೈಜಾಮ ತೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಹೇಗೆ? ಉತ್ತರ ಇರುವುದು ಕತ್ತರಿಯಲ್ಲಿ. ಮಗ್ಗದ ಬಟ್ಟೆಯನ್ನು ಹಾಸಿನ ಗುಂಟ ಎಳೆದರೂ ಹೊಕ್ಕಿನ ಗುಂಟ ಎಳೆದರೂ ಅದು ಜಗ್ಗದು. ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಆದ್ದರಿಂದಲೇ ಚೂಡಿದಾರ್ ಪೈಜಾಮವನ್ನು ಓರೆಯಾಗಿ ಕತ್ತರಿಸುತ್ತಾರೆ. ದರ್ಜಿಗಳ ಮಾತಿನಲ್ಲಿ ಇದು ‘ಕ್ರಾಸ್ ಕಟಿಂಗ್’. ಬಟ್ಟೆ ಹೆಚ್ಚು ಬೇಕು, ಕೈ ಪಳಗಿರಬೇಕು. ಹಿಗ್ಗುವ ಗುಣವನ್ನು ಬಟ್ಟೆಗೆ ತಂದುಕೊಡುತ್ತಿದ್ದವನು ದರ್ಜಿ.

ಪಶ್ಚಿಮ ಬೆಂಗಳೂರಿಗೆ ಬಟ್ಟೆಯ ನಂಟು ಹಳೆಯದು. ಬಿನ್ನಿಪೇಟೆಗೆ ಹೆಸರು ಕೊಟ್ಟ ಬಿನ್ನಿ ಗಿರಣಿಯ ಇತಿಹಾಸ 1884ರಿಂದ ಆರಂಭವಾಗುತ್ತದೆ. ಆ ಗಿರಣಿ ನೇಯುತ್ತಿದ್ದುದು ಜಗ್ಗದ ಬಟ್ಟೆ. ಗಿರಣಿ ಇಂದು ಇಲ್ಲ. ಸ್ವಾತಂತ್ರ್ಯಾನಂತರ ಬೆಳೆದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹೆಣ್ಣುಮಕ್ಕಳು ಕಾಲೇಜು, ಕಚೇರಿಗಳಿಗೆ ಹೊರಟಂತೆ ಬಸ್ಸು ಹತ್ತಲು ಅನುಕೂಲವಾದ, ಆದರೆ ಗೌರವವಾಗಿ ಕಾಣುವ ಉಡುಪು ಬೇಕಾಯಿತು. 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದ ಮೇಲೆ ಈ ಅಗತ್ಯ ಇನ್ನಷ್ಟು ಹೆಚ್ಚಿತು. ‘ಲೇಡೀಸ್ ಟೈಲರ್’ ಫಲಕಗಳಿಗೆ ಅದು ಒಳ್ಳೆಯ ಕಾಲ.

ಆ ವೇಳೆಗಾಗಲೇ ಹಿಗ್ಗುವ ಗುಣ ದೂರದ ಪ್ರಯೋಗಾಲಯವೊಂದರಲ್ಲಿ ನೂಲಿನೊಳಗೇ ಸೇರಿಯಾಗಿತ್ತು. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ಹೊಸ ಎಳೆಯೊಂದನ್ನು ರೂಪಿಸಿದರು. ಹೆಂಗಸರ ಬಿಗಿ ಒಳಉಡುಪುಗಳಲ್ಲಿದ್ದ ರಬ್ಬರಿಗೆ ಬದಲಿ ಹುಡುಕುವುದು ಅದರ ಉದ್ದೇಶ. ಅದೇ ಸ್ಪ್ಯಾಂಡೆಕ್ಸ್, ಲೈಕ್ರಾ ಎಂಬುದು ಅದರ ವ್ಯಾಪಾರದ ಹೆಸರು. ‘ಹಿಗ್ಗುತ್ತದೆ’ ಎಂಬರ್ಥದ ‘ಎಕ್ಸ್‌ಪ್ಯಾಂಡ್ಸ್’ ಪದದ ಅಕ್ಷರಗಳನ್ನು ಅದಲುಬದಲು ಮಾಡಿದರೆ ಸ್ಪ್ಯಾಂಡೆಕ್ಸ್ ಆಗುತ್ತದೆ. ಈ ಎಳೆ ತನ್ನ ಉದ್ದದ ಐದು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗಬಲ್ಲದು. ಕುಣಿಕೆಗೆ ಕುಣಿಕೆ ಹೆಣೆದ ಹತ್ತಿಯ ನಿಟ್ಟಿಂಗ್ ಬಟ್ಟೆಗೆ ಇದನ್ನು ಸ್ವಲ್ಪ ಬೆರೆಸಿದರೆ ಸಾಕು, ಲೆಗ್ಗಿಂಗ್ಸ್ ಸಿದ್ಧ. ಎರಡು ಸಾಲು ಸೂಜಿಗಳಿಂದ ದಪ್ಪವಾಗಿ ಹೆಣೆದರೆ ಬಟ್ಟೆ ಮೈಗೆ ಅಂಟುವುದಿಲ್ಲ, ಅಂಚು ಸುರುಳಿಯಾಗುವುದಿಲ್ಲ. ಕಚೇರಿಗೆ ಒಪ್ಪುವ ಹಿಗ್ಗುವ ಪ್ಯಾಂಟುಗಳ ಗುಟ್ಟು ಇದೇ.

ಕಳೆದ ಎರಡು ದಶಕಗಳಲ್ಲಿ ಲೆಗ್ಗಿಂಗ್ಸ್ ಚೂಡಿದಾರ್ ಪೈಜಾಮದ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. ಬೀದಿಯ ದರ್ಜಿ ಅದನ್ನು ಹೊಲಿಯಬಾರದಿತ್ತೇ? ಇಲ್ಲೊಂದು ತೊಡಕಿದೆ. ಸಾಮಾನ್ಯ ಹೊಲಿಗೆ ಯಂತ್ರದ ನೇರ ಹೊಲಿಗೆ ಜಗ್ಗುವುದಿಲ್ಲ; ಬಟ್ಟೆ ಹಿಗ್ಗಿದಾಗ ದಾರ ಪಟ್ಟನೆ ತುಂಡಾಗುತ್ತದೆ. ಚೂಪು ಸೂಜಿ ಕುಣಿಕೆಗಳನ್ನೂ ಹರಿಯುತ್ತದೆ. ಇದಕ್ಕೆ ಓವರ್‌ಲಾಕ್ ಯಂತ್ರ, ಮೊಂಡು ತುದಿಯ ಸೂಜಿ ಬೇಕು. ಅಂದರೆ ಇದು ಕಾರ್ಖಾನೆಯ ಕೆಲಸ.

ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿ ಸಿದ್ಧ ಉಡುಪು ಕಾರ್ಖಾನೆಗಳು ಬೆಳೆದವು. ಇಂಥ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ದರ್ಜಿಗೆ ಅಳತೆಯಿಂದ ಗುಂಡಿಯವರೆಗೆ ಇಡೀ ಉಡುಪು ಗೊತ್ತಿತ್ತು. ಕಾರ್ಖಾನೆಯಲ್ಲಿ ಒಬ್ಬಾಕೆ ದಿನವಿಡೀ ಹಾಕುವುದು ಒಂದೇ ಹೊಲಿಗೆ. ಆದರೆ ಆಕೆಗೆ ಸಿಗುವ ತಿಂಗಳ ಸಂಬಳ, ಭವಿಷ್ಯನಿಧಿ ಬೀದಿಯ ದರ್ಜಿಗೆ ಎಂದೂ ಸಿಕ್ಕಿರಲಿಲ್ಲ. ಲಾಭ-ನಷ್ಟಗಳ ಲೆಕ್ಕ ಅಷ್ಟು ಸರಳವಲ್ಲ.

ಕ್ರಾಸ್ ಕಟಿಂಗ್ ವಿದ್ಯೆ ಮಾತ್ರ ಪೂರ್ತಿ ಅಳಿದಿಲ್ಲ. ಸೀರೆಯ ರವಿಕೆ ಮೈಗೆ ಸರಿಯಾಗಿ ಕೂರಬೇಕೆಂದರೆ ಇಂದಿಗೂ ಬಟ್ಟೆ ಹಿಡಿದು ದರ್ಜಿಯ ಅಂಗಡಿಗೇ ಹೋಗುತ್ತಾರೆ.