ಸೋಲ್-ಜೆಲ್ ವಿಧಾನ

ಸೋಲ್-ಜೆಲ್ ವಿಧಾನವು ದ್ರಾವಣದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ಮೂಲಕ ಗಾಜು ಮತ್ತು ಸೆರಾಮಿಕ್ ವಸ್ತುಗಳನ್ನು ತಯಾರಿಸುವ ಒಂದು ವಿಧಾನ. ದ್ರವದಲ್ಲಿ ಸೂಕ್ಷ್ಮ ಘನಕಣಗಳು ತೇಲುತ್ತಿರುವ ಕಲಿಲವೇ ಸೋಲ್. ಆ ಕಣಗಳು ಪರಸ್ಪರ ಬೆಸೆದು, ದ್ರವವನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡಿರುವ ಜಾಲವೇ ಜೆಲ್. ಸಿಲಿಕಾವನ್ನು ಕರಗಿಸಿ ಗಾಜು ಮಾಡಲು 1700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ ಬೇಕು. ಈ ವಿಧಾನದಲ್ಲಿ ಗಾಜಿನ ಜಾಲವು ಸಾಮಾನ್ಯ ಉಷ್ಣತೆಯಲ್ಲಿಯೇ ರೂಪುಗೊಳ್ಳುತ್ತದೆ.

ಇತಿಹಾಸ

1840ರ ದಶಕದಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಝಾಕ್-ಜೋಸೆಫ್ ಎಬೆಲ್ಮನ್, ಸಿಲಿಕಾನ್ ಟೆಟ್ರಾಕ್ಲೋರೈಡ್ ಮತ್ತು ಆಲ್ಕೋಹಾಲ್‌ಗಳಿಂದ ಪಡೆದ ದ್ರವವು ತೇವಯುಕ್ತ ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗಿ ಪಾರದರ್ಶಕ ಘನವಾಗುವುದನ್ನು ಗಮನಿಸಿದನು. 1939ರಲ್ಲಿ ಜರ್ಮನಿಯ ವಾಲ್ಟರ್ ಗೆಫ್ಕೆನ್ ಮತ್ತು ಎಡ್ವಿನ್ ಬರ್ಗರ್ ಗಾಜಿನ ಮೇಲೆ ಆಕ್ಸೈಡ್ ಲೇಪನ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. 1968ರಲ್ಲಿ ವರ್ನರ್ ಸ್ಟೋಬರ್ ಮತ್ತು ಸಹೋದ್ಯೋಗಿಗಳು ಏಕರೂಪ ಗಾತ್ರದ ಸಿಲಿಕಾ ಗೋಳಗಳ ತಯಾರಿಕೆಯನ್ನು ಪ್ರಕಟಿಸಿದರು.

ರಾಸಾಯನಿಕ ಕ್ರಿಯೆ

ಸಿಲಿಕಾ ತಯಾರಿಕೆಯಲ್ಲಿ ಟೆಟ್ರಾಎಥಾಕ್ಸಿಸಿಲೇನ್ ಸಾಮಾನ್ಯ ಆರಂಭಿಕ ವಸ್ತು. ಇದು ನೀರಿನೊಂದಿಗೆ ಬೆರೆಯದ ಕಾರಣ ಎರಡನ್ನೂ ಎಥನಾಲ್‌ನಲ್ಲಿ ಕರಗಿಸಲಾಗುತ್ತದೆ. ಮೊದಲು ಜಲವಿಶ್ಲೇಷಣೆ ನಡೆದು, ಸಿಲಿಕಾನ್ ಪರಮಾಣುವಿಗೆ ಅಂಟಿದ ಎಥಾಕ್ಸಿ ಗುಂಪುಗಳ ಸ್ಥಾನಕ್ಕೆ ಹೈಡ್ರಾಕ್ಸಿಲ್ ಗುಂಪುಗಳು ಬರುತ್ತವೆ. ಬಳಿಕ ಇಂತಹ ಎರಡು ಅಣುಗಳು ನೀರನ್ನು ಅಥವಾ ಎಥನಾಲ್ ಅನ್ನು ಹೊರಹಾಕಿ ಸಿಲಿಕಾನ್-ಆಕ್ಸಿಜನ್-ಸಿಲಿಕಾನ್ ಬಂಧದಿಂದ ಕೂಡಿಕೊಳ್ಳುತ್ತವೆ. ಈ ಬಂಧಗಳು ಪಾತ್ರೆಯ ಉದ್ದಗಲಕ್ಕೂ ಹರಡಿದಾಗ ದ್ರವವು ಜೆಲ್ ಆಗುತ್ತದೆ. ಆಮ್ಲವನ್ನು ವೇಗವರ್ಧಕವಾಗಿ ಬಳಸಿದರೆ ಕಡಿಮೆ ಕವಲುಗಳ ಸರಪಳಿಗಳೂ, ಪ್ರತ್ಯಾಮ್ಲವನ್ನು ಬಳಸಿದರೆ ದಟ್ಟವಾದ ಕಣಗಳೂ ಉಂಟಾಗುತ್ತವೆ.

ಒಣಗಿಸುವಿಕೆ

ಇದು ಈ ವಿಧಾನದ ಅತ್ಯಂತ ಕಠಿಣ ಹಂತ. ದ್ರವವು ಆವಿಯಾಗುವಾಗ ಅದರ ಮೇಲ್ಮೈ ಎಳೆತವು ಜೆಲ್‌ನ ಅತಿಸೂಕ್ಷ್ಮ ರಂಧ್ರಗಳ ಗೋಡೆಗಳನ್ನು ಒಳಕ್ಕೆ ಸೆಳೆಯುತ್ತದೆ. ಗಾತ್ರವು ಹಲವು ವೇಳೆ ಮೂಲದ ಐದನೆಯ ಅಥವಾ ಹತ್ತನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಎಲ್ಲ ಕಡೆ ಸಮನಾಗಿ ಕುಗ್ಗದಿದ್ದರೆ ಜೆಲ್ ಬಿರುಕುಬಿಡುತ್ತದೆ. ಹೀಗೆ ಒಣಗಿದ ವಸ್ತುವಿಗೆ ಝೀರೋಜೆಲ್ ಎಂದು ಹೆಸರು. ಇದನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಕಾಯಿಸಿದಾಗ ರಂಧ್ರಗಳು ಮುಚ್ಚಿ ದಟ್ಟವಾದ ಗಾಜು ದೊರೆಯುತ್ತದೆ.

ದ್ರವವನ್ನು ಅದರ ಕ್ರಾಂತಿಬಿಂದುವನ್ನು ದಾಟುವಂತೆ ಒತ್ತಡದಲ್ಲಿ ಕಾಯಿಸಿದರೆ ದ್ರವ ಮತ್ತು ಅನಿಲಗಳ ನಡುವಿನ ಮೇಲ್ಮೈಯೇ ಇಲ್ಲವಾಗುವುದರಿಂದ ಜಾಲವು ಕುಸಿಯುವುದಿಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲಿ ಈ ಉಪಾಯದಿಂದ ಏರೋಜೆಲ್ ತಯಾರಿಸಿದುದನ್ನು ಪ್ರಕಟಿಸಿದನು. ಏರೋಜೆಲ್‌ನ ಗಾತ್ರದ ಬಹುಪಾಲು ಗಾಳಿಯೇ ಆಗಿರುತ್ತದೆ.

ಉಪಯೋಗಗಳು ಮತ್ತು ಮಿತಿಗಳು

ಸುಮಾರು 1 ಮೈಕ್ರೊಮೀಟರ್‌ಗಿಂತ ತೆಳುವಾದ ಪದರಗಳು ಸಾಮಾನ್ಯವಾಗಿ ಬಿರುಕಿಲ್ಲದೆ ಒಣಗುತ್ತವೆ. ಆದ್ದರಿಂದ ಗಾಜಿನ ಮೇಲಿನ ಪ್ರತಿಫಲನನಿರೋಧಕ ಲೇಪನಗಳು ಈ ವಿಧಾನದ ಪ್ರಮುಖ ಉಪಯೋಗಗಳಲ್ಲಿ ಒಂದು. ಘಟಕಗಳು ದ್ರಾವಣದಲ್ಲಿಯೇ ಅಣುಮಟ್ಟದಲ್ಲಿ ಬೆರೆಯುವುದರಿಂದ ಏಕರೂಪದ ಸೆರಾಮಿಕ್ ಪುಡಿಗಳನ್ನೂ ಪಡೆಯಬಹುದು. ನಾಸಾದ ಸ್ಟಾರ್‌ಡಸ್ಟ್ ನೌಕೆಯು 2004ರಲ್ಲಿ ವಿಲ್ಟ್ 2 ಧೂಮಕೇತುವಿನ ಧೂಳನ್ನು ಸಿಲಿಕಾ ಏರೋಜೆಲ್‌ನಲ್ಲಿ ಸೆರೆಹಿಡಿಯಿತು. ಆ ಮಾದರಿಗಳು 2006ರಲ್ಲಿ ಭೂಮಿಗೆ ತಲುಪಿದವು.

ಆರಂಭಿಕ ವಸ್ತುಗಳ ಬೆಲೆ ಮರಳಿಗಿಂತ ಬಹಳ ಹೆಚ್ಚು. ದಪ್ಪನೆಯ ತುಂಡುಗಳನ್ನು ಬಿರುಕಿಲ್ಲದಂತೆ ಒಣಗಿಸಲು ದೀರ್ಘ ಕಾಲ ಬೇಕಾಗುತ್ತದೆ. ಈ ಕಾರಣಗಳಿಂದ ಕಿಟಕಿ, ಸೀಸೆಗಳಂತಹ ಸಾಮಾನ್ಯ ಗಾಜಿನ ವಸ್ತುಗಳನ್ನು ಇಂದಿಗೂ ಕುಲುಮೆಯಲ್ಲಿ ಕರಗಿಸಿಯೇ ತಯಾರಿಸಲಾಗುತ್ತದೆ.