ಕೋಳಿ ಕೂಗುವ ಮುನ್ನ ಬಿರಿಯಾನಿ: ಬೆಂಗಳೂರು ಗ್ರಾಮಾಂತರದ ಊಟ, ಬೀದಿ, ನಗು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ: ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ. 1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರೆಯಾದಾಗ ಇದು ಇನ್ನೂ ದೊಡ್ಡದಿತ್ತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಹೊಸ ರಾಮನಗರ ಜಿಲ್ಲೆಗೆ ಹೋದ ಮೇಲೆ ಉಳಿದದ್ದು ಇಷ್ಟು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದಕ್ಕೆ ಬೆಂಗಳೂರು ಉತ್ತರ ಜಿಲ್ಲೆ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು.

ಈ ನಾಲ್ಕು ಊರುಗಳನ್ನು ಬೆಂಗಳೂರಿನವರು ದಾರಿಯ ಊರುಗಳೆಂದೇ ಬಲ್ಲರು. ಕೋಲಾರಕ್ಕೆ ಹೋಗುವಾಗ ಹೊಸಕೋಟೆ, ತುಮಕೂರಿಗೋ ಹಾಸನಕ್ಕೋ ಹೊರಟಾಗ ನೆಲಮಂಗಲ, ವಿಮಾನ ಹತ್ತುವಾಗ ದೇವನಹಳ್ಳಿ. ಇಳಿದು ಒಂದು ದಿನ ಇದ್ದು ನೋಡಿದರೆ ಇಲ್ಲಿ ಯಾವ ಹೊತ್ತಿಗೆ ಉಣ್ಣುತ್ತಾರೆ, ಏನು ಉಣ್ಣುತ್ತಾರೆ, ಯಾವುದಕ್ಕೆ ನಗುತ್ತಾರೆ ಎಂಬ ಮೂರನ್ನೂ ದುಡಿಮೆಯೇ ಗೊತ್ತುಮಾಡಿದೆ ಎಂಬುದು ಕಾಣುತ್ತದೆ.

ಹೊಸಕೋಟೆಯ ಬೆಳಗಿನ ಜಾವ

ಭಾನುವಾರ ನಸುಕಿನ ನಾಲ್ಕರ ಹೊತ್ತಿಗೆ ಹೊಸಕೋಟೆಯ ದಮ್ ಬಿರಿಯಾನಿ ಹೋಟೆಲುಗಳ ಮುಂದೆ ಸಾಲು ನಿಂತಿರುತ್ತದೆ. ಮಣಿ, ಅಕ್ಷಯ್, ಆನಂದ್ ಎಂಬ ಹೆಸರಿನ ಬಿರಿಯಾನಿ ಮನೆಗಳು ಈಗ ರಾಜ್ಯದಾಚೆಗೂ ಗೊತ್ತು. ಬೆಂಗಳೂರಿನಿಂದ ಬೈಕಿನಲ್ಲಿ ಬರುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ಕಂಪನಿಯವರು, ಇಡೀ ಸಂಸಾರವನ್ನು ಕಾರಿನಲ್ಲಿ ತುಂಬಿಕೊಂಡು ಬಂದವರು, ಎಲ್ಲರೂ ಚಳಿಯಲ್ಲಿ ಕೈ ಉಜ್ಜುತ್ತ ನಿಲ್ಲುತ್ತಾರೆ.

ಅಡುಗೆ ಶುರುವಾಗುವುದು ಹಿಂದಿನ ರಾತ್ರಿ. ಸೌದೆ ಒಲೆಯ ಮೇಲೆ ದೊಡ್ಡ ಹಂಡೆಗಳಲ್ಲಿ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ, ಕೊತ್ತಂಬರಿ ಹಾಕಿ ಮಟನ್ ಬೇಯಿಸುತ್ತಾರೆ. ಅಕ್ಕಿ ಸೇರಿಸಿ ಮುಕ್ಕಾಲು ಪಾಲು ಬೆಂದ ಮೇಲೆ ಉರಿ ತೆಗೆದು, ಮುಚ್ಚಳ ಬಿಗಿಮಾಡಿ, ಅದರ ಮೇಲೆ ಕೆಂಡ ಹರಡುತ್ತಾರೆ. ಮೇಲಿನ ಕೆಂಡ ಮತ್ತು ಕೆಳಗಿನ ಬಿಸಿಯ ನಡುವೆ ಅನ್ನ ತನ್ನ ಹಬೆಯಲ್ಲೇ ಅರಳುತ್ತದೆ. ಇದೇ ದಮ್ ಕಟ್ಟುವುದು. ಗ್ಯಾಸ್ ಒಲೆಯಲ್ಲಿ ಈ ರುಚಿ ಬರುವುದಿಲ್ಲ ಎಂದು ಇಲ್ಲಿನ ಬಾಣಸಿಗರು ಹಟ ಹಿಡಿದು ಹೇಳುತ್ತಾರೆ; ಒಮ್ಮೆ ಮುಚ್ಚಳ ತೆಗೆಯುವಾಗ ಪಕ್ಕದಲ್ಲಿ ನಿಂತರೆ ಆ ಹಟ ಸರಿಯೆಂದು ಒಪ್ಪುತ್ತೀರಿ. ಜೊತೆಗೆ ಕಾಲು ಸೂಪು ಇದ್ದರೆ ಚಳಿಗೆ ಬೇರೆ ಕಂಬಳಿ ಬೇಡ.

ಬೆಳಗ್ಗೆಯೇ ಏಕೆ? ಹೊಸಕೋಟೆ ಮೊದಲಿನಿಂದಲೂ ಹೆದ್ದಾರಿಯ ಊರು. ಹಳೆ ಮದ್ರಾಸು ರಸ್ತೆ ಇದರ ಮೂಲಕವೇ ಹಾದುಹೋಗುತ್ತದೆ. ಈಗಿನ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ ಹೆದ್ದಾರಿಯ ಆರಂಭವೂ ಇಲ್ಲೇ. ರಾತ್ರಿಯಿಡೀ ಸ್ಟಿಯರಿಂಗ್ ಹಿಡಿದ ಲಾರಿ ಚಾಲಕನಿಗೆ ಬೆಳಗಿನ ಐದು ಗಂಟೆ ಎಂದರೆ ದಿನದ ಕೊನೆ. ತರಕಾರಿ, ಹೂವು ಹೊತ್ತು ಮಾರುಕಟ್ಟೆಗೆ ಹೋಗಿ ಬಂದ ರೈತನಿಗೂ ಅಷ್ಟೇ. ಅಂಥವರ ಹಸಿವಿಗೆ ಎರಡು ಇಡ್ಲಿ ಸಾಲದು. ನಸುಕಿನಲ್ಲಿ ಗಟ್ಟಿ ಊಟ ಮಾಡುವ ಪದ್ಧತಿ ದುಡಿಯುವ ಊರುಗಳಲ್ಲೆಲ್ಲ ಇದೆ. ಹೈದರಾಬಾದಿನ ಹಳೆ ಪೇಟೆಯಲ್ಲಿ ನಿಹಾರಿ ಬೆಳಗಿನದೇ. ಫಿಲಿಪ್ಪೀನ್ಸಿನ ಮನಿಲಾದಲ್ಲಿ ಉಳಿದ ಅನ್ನವನ್ನು ಬೆಳ್ಳುಳ್ಳಿಯಲ್ಲಿ ಹುರಿದು, ಮಾಂಸ ಮತ್ತು ಕರಿದ ಮೊಟ್ಟೆಯ ಜೊತೆ ಬೆಳಗಿನ ತಿಂಡಿಗೇ ಉಣ್ಣುತ್ತಾರೆ. ಹೊಸಕೋಟೆಯ ಬಿರಿಯಾನಿ ಈ ಬಳಗಕ್ಕೆ ಸೇರಿದ್ದು. ಮೊಬೈಲಿನ ವಿಡಿಯೊಗಳು ಅದಕ್ಕೆ ಜನ ತಂದವು ನಿಜ, ಆದರೆ ಹಸಿವು ಅದಕ್ಕೂ ಹಳೆಯದು.

ಹಿಟ್ಟು, ಸಾರು, ಅವರೆ

ಬಿರಿಯಾನಿ ವಾರಕ್ಕೊಮ್ಮೆಯ ಸಡಗರ. ದಿನದ ಊಟ ರಾಗಿಯದು. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ, ಕೊಳವೆ ಬಾವಿ, ಮಳೆ ಇಷ್ಟನ್ನೇ ನಂಬಿದ ಬೆದ್ದಲು ನೆಲಕ್ಕೆ ರಾಗಿಯಷ್ಟು ಹೊಂದುವ ಪೈರು ಇನ್ನೊಂದಿಲ್ಲ. ಹೋಟೆಲಿನ ಬೋರ್ಡಿನಲ್ಲಿ ಮುದ್ದೆ ಎಂದು ಬರೆದಿದ್ದರೂ ಮನೆಯಲ್ಲಿ ಹಿರಿಯರ ಬಾಯಲ್ಲಿ ಅದು ಹಿಟ್ಟು. ದಾರಿಯಲ್ಲಿ ಎದುರಾದವರು ಮೊದಲು ಕೇಳುವುದು “ಹಿಟ್ ಉಂಡ್ಯೇನಣ್ಣ?” ಎಂದೇ.

ಮುದ್ದೆಯ ಪಕ್ಕದ ಸಾರುಗಳಲ್ಲಿ ಈ ಸೀಮೆಯ ಜಾಣ್ಮೆಯೆಲ್ಲ ಇದೆ. ಸೊಪ್ಪು-ಕಾಳು ಬೇಯಿಸಿದ ನೀರನ್ನು ಬಸಿದು, ಅದಕ್ಕೆ ಖಾರ ಅರೆದು ಹಾಕಿದರೆ ಬಸ್ಸಾರು. ಬಸಿದು ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಚೆಲ್ಲಲು ಏನೂ ಇಲ್ಲ. ಬಸಿದ ತಿಳಿಗೆ ಉಪ್ಪು ಮಾತ್ರ ಹಾಕಿ, ಖಾರವನ್ನು ತಟ್ಟೆಯ ಅಂಚಿನಲ್ಲಿ ಬೇರೆ ಬಡಿಸಿದರೆ ಉಪ್ಸಾರು. ಬೇಳೆ-ಸೊಪ್ಪನ್ನು ಚೆನ್ನಾಗಿ ಮಸೆದರೆ ಮಸ್ಸೊಪ್ಪು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಹತ್ತಾರು ಬಗೆಯ ಎಳೆ ಸೊಪ್ಪುಗಳನ್ನು ಹೆಂಗಸರು ಕೊಯ್ದು ತರುತ್ತಾರೆ. ಅದು ಬೆರಕೆ ಸೊಪ್ಪು. ಯಾವುದನ್ನು ಕೊಯ್ಯಬೇಕು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಅಜ್ಜಿಯಿಂದ ಮೊಮ್ಮಗಳಿಗೆ ಹೊಲದಲ್ಲೇ ದಾಟುತ್ತಿತ್ತು. ಲೇಔಟ್ ಆದ ಹೊಲದಲ್ಲಿ ಬದು ಉಳಿಯುವುದಿಲ್ಲ. ಬದುವಿನ ಜೊತೆ ಆ ಪಾಠವೂ ಹೋಗುತ್ತದೆ. ನನಗೆ ಬಹಳ ನೋವು ಕೊಡುವ ಸಂಗತಿ ಇದು.

ಮಾರ್ಗಶಿರ, ಪುಷ್ಯದ ಇಬ್ಬನಿ ಬಿದ್ದೊಡನೆ ಅವರೆಕಾಯಿಯ ಕಾಲ. ಸಿಪ್ಪೆಯ ಮೇಲೆ ಅಂಟಂಟಾಗಿ ಕೂರುವ ಸೊಗಡು ಕೈಗೆ ಹತ್ತಿದರೆ ಸಂಜೆಯವರೆಗೂ ಬಿಡದು. ಕೊಳ್ಳುವವರು ಕಾಯಿಯನ್ನು ಮೂಸಿ ನೋಡಿಯೇ ಬೆಲೆ ಕೇಳುತ್ತಾರೆ. ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಹಾಕಿ, ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿ ಸಿಪ್ಪೆ ಹಾರಿಸಿದರೆ ಹಿತಕಿದ ಬೇಳೆ. ಒಂದು ಮನೆಯ ಸಾರಿಗೆ ಬೇಕಾದಷ್ಟು ಹಿತುಕಲು ಗಂಟೆಗಟ್ಟಲೆ ಬೇಕು. ಹಾಗಾಗಿ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ಒಗಟು, ಗಾದೆ, ಹೊಸದಾಗಿ ಬಂದ ಸೊಸೆಯ ಅಡುಗೆಯ ಸುದ್ದಿ, ಮೇಲಿನ ಬೀದಿಯವರ ಮದುವೆಯ ಸುದ್ದಿ, ನಗು, ಎಲ್ಲವೂ ಅಲ್ಲಿ ನಡೆಯುತ್ತವೆ. ಪೇಟೆಯಲ್ಲಿ ಈಗ ಹಿತಕಿದ ಬೇಳೆ ಪೊಟ್ಟಣದಲ್ಲಿ ಸಿಗುತ್ತದೆ.

ಮಗ್ಗದ ಬೀದಿಗಳು

ದೊಡ್ಡಬಳ್ಳಾಪುರಕ್ಕೆ ಹೋದವರಿಗೆ ಮೊದಲು ಕೇಳುವುದು ಸದ್ದು. ಸಾವಿರಾರು ವಿದ್ಯುತ್ ಮಗ್ಗಗಳಿರುವ ಊರಿದು, ಬಹುಪಾಲು ಮನೆಗಳಿಗೆ ಅಂಟಿಕೊಂಡೇ ಇವೆ. ಗಂಡಸರು ಮಗ್ಗ ನೋಡಿಕೊಂಡರೆ ಹೆಂಗಸರು, ವಯಸ್ಸಾದವರು ಕಂಡಿಕೆ ಸುತ್ತುತ್ತಾರೆ. ದೇವಾಂಗರು, ಪದ್ಮಶಾಲಿಗಳು ಮೊದಲಾದ ನೇಕಾರ ಸಮುದಾಯಗಳ ಮನೆಮಾತು ಕನ್ನಡವೂ ಹೌದು, ತೆಲುಗೂ ಹೌದು. ಬೀದಿಯಲ್ಲಿ ದಖ್ಖನಿ ಉರ್ದುವೂ ಸೇರುತ್ತದೆ. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ಹುಟ್ಟಿದ್ದು ಈ ಊರಿನ ನೇಕಾರ ಮನೆತನದಲ್ಲೇ. ಅವರ ಹೆಸರಿನ ಮೊದಲಕ್ಷರ ಡಿ ದೊಡ್ಡಬಳ್ಳಾಪುರದ್ದು.

ಇಲ್ಲಿ ಕಾಫಿಯ ವೇಳೆಯನ್ನು ಕರೆಂಟು ತೀರ್ಮಾನಿಸುತ್ತದೆ. ಕರೆಂಟು ಹೋಯಿತೆಂದರೆ ಬೀದಿಗೆ ಬೀದಿಯೇ ಒಮ್ಮೆಗೆ ನಿಶ್ಶಬ್ದ; ಎರಡೇ ನಿಮಿಷದಲ್ಲಿ ಮೂಲೆಯ ಹೋಟೆಲಿನ ಮುಂದೆ ಬೈಟು ಕಾಫಿಯ ಲೋಟಗಳು. ಮಗ್ಗದ ಸದ್ದಿಗೆ ಹೊಂದಿಕೊಂಡ ನೇಕಾರರ ದನಿ ಹೊರಗೂ ಜೋರೇ. ಜಗಳ ಎಂದು ಹೊಸಬರು ತಿಳಿದದ್ದು ಹತ್ತಿರ ಹೋದರೆ ತಮಾಷೆಯಾಗಿರುತ್ತದೆ. ನೂಲಿನ ಬೆಲೆ ಏರಿದ್ದು, ಸೀರೆಯ ಬೆಲೆ ಏರದೆ ಉಳಿದದ್ದು, ಎರಡರ ನಡುವೆ ಸಿಕ್ಕಿಕೊಂಡ ತಮ್ಮ ಸ್ಥಿತಿ, ಇವನ್ನೆಲ್ಲ ನಗುನಗುತ್ತ ಆಡಿಕೊಳ್ಳುವುದು ಅವರ ಗಟ್ಟಿತನ.

ವರ್ಷಕ್ಕೊಮ್ಮೆ, ಡಿಸೆಂಬರ್-ಜನವರಿಯ ನಡುವೆ, ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ತಂದ ರೈತರು ಬಯಲಲ್ಲೇ ಒಲೆ ಹೂಡಿ ಅಡುಗೆ ಮಾಡಿಕೊಳ್ಳುತ್ತಾರೆ. ವ್ಯಾಪಾರ ಟವೆಲ್ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತದೆ. ಜಾತ್ರೆಯಿಂದ ಮನೆಗೆ ಬರುವುದು ಕಡ್ಲೆಪುರಿ, ಬತ್ತಾಸು, ಕಲ್ಯಾಣಸೇವೆಯ ಪೊಟ್ಟಣ.

ಬೀಗರೂಟ ಮತ್ತು ವರ್ಷದ ತೊಡಕು

ಇಲ್ಲಿನ ಹಾಸ್ಯವನ್ನು ಅದರ ಪೂರ್ಣ ಶಕ್ತಿಯಲ್ಲಿ ನೋಡಬೇಕಾದರೆ ಬೀಗರೂಟಕ್ಕೆ ಹೋಗಬೇಕು. ಮದುವೆಯ ದಿನ ಪಾಯಸ, ಹೋಳಿಗೆಯ ಸಸ್ಯಾಹಾರ. ಅದಾದ ಕೆಲವು ದಿನಕ್ಕೆ ಎರಡೂ ಕಡೆಯವರು ಸೇರಿ ಉಣ್ಣುವ ಬಾಡೂಟವೇ ಬೀಗರ ಔತಣ. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಚಾಪ್ಸು, ಕೈಮ, ಬಿರಿಯಾನಿ, ಬೇಯಿಸಿದ ಮೊಟ್ಟೆ, ಕೊನೆಗೆ ಅನ್ನ-ರಸ, ಬಾಳೆಹಣ್ಣು, ಬೀಡ.

ಬೀಗರನ್ನು ರೇಗಿಸಲು ಅಂದು ಎಲ್ಲರಿಗೂ ಹಕ್ಕುಂಟು. “ಏನ್ ಬೀಗ್ರೆ, ಒಂದೇ ಮುದ್ದೆಗೆ ಕೈ ತೊಳಿತೀರಾ? ನಮ್ ಹುಡುಗೀನ ಹೆಂಗ್ ಸಾಕ್ತೀರಾ?” ಎಂದು ಒಬ್ಬರು ಕೇಳಿದರೆ, “ಅವಳೇ ನಮ್ಮನ್ನ ಸಾಕ್ತಾಳೆ ಅಂತ ತಾನೆ ಒಪ್ಪಿದ್ದು!” ಎಂದು ಆ ಕಡೆಯ ಉತ್ತರ. ಬೇಡ ಎಂದು ಎಲೆಗೆ ಅಡ್ಡ ಹಿಡಿದ ಕೈ ಸಂದಿಯಲ್ಲೇ ಇನ್ನೊಂದು ತುಂಡು ಬೀಳುತ್ತದೆ. ಪೇಟೆಯಿಂದ ಬಂದ ನೆಂಟ ಮುದ್ದೆಯನ್ನು ಅಗಿಯುವುದು ಕಂಡರಂತೂ ಇಡೀ ಪಂಕ್ತಿಗೆ ಹಬ್ಬ. ಯಾರೋ ಒಬ್ಬ ಅಜ್ಜ ಪಕ್ಕದಲ್ಲಿ ಕೂತು, ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ ತೋರಿಸುತ್ತಾನೆ. ಅಪರಿಚಿತ ಎರಡು ಕುಟುಂಬಗಳ ಬಿಗುಮಾನ ಕರಗುವುದು ಈ ರೇಗಿಸುವಿಕೆಯಲ್ಲಿ.

ಯುಗಾದಿಯ ಮಾರನೆಯ ದಿನ ವರ್ಷದ ತೊಡಕು, ಪೇಟೆಯ ಮಾತಿನಲ್ಲಿ ಹೊಸತೊಡಕು. ಹಬ್ಬದ ಒಬ್ಬಟ್ಟು ಮುಗಿದ ಬೆನ್ನಿಗೇ ಬಾಡು. ಹತ್ತಾರು ಮನೆಯವರು ಕೂಡಿ ಮರಿ ಕೊಂಡು, ಕಡಿದು, ಪ್ರತಿ ಪಾಲಿಗೂ ಈಲಿ, ಬೋಟಿ, ಮೂಳೆ, ಮೆತ್ತನೆ ಮಾಂಸ ಎಲ್ಲವೂ ಬರುವಂತೆ ಗುಡ್ಡೆ ಹಾಕುತ್ತಾರೆ. ಇದು ಗುಡ್ಡೆ ಬಾಡು. ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಅಗ್ಗ, ಯಾರಿಗೂ ಬರೀ ಮೂಳೆ ಸಿಕ್ಕಿತೆಂಬ ದೂರಿಲ್ಲ. ಇದಕ್ಕೆಂದೇ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಣ ಕಟ್ಟುವ ಯುಗಾದಿ ಚೀಟಿಗಳೂ ಇವೆ. ಕೂಲಿಯವರ ಮನೆಯಲ್ಲೂ ಹಬ್ಬ ಕಳೆಗುಂದದಂತೆ ಕಾಯುವ ಏರ್ಪಾಡು ಅದು. ಚೀಟಿ ನಡೆಸುವವರು ಮೋಸ ಮಾಡಿದ ಉದಾಹರಣೆಗಳೂ ಇರುವುದರಿಂದ, ಗುರುತು-ಪರಿಚಯದವರ ಬಳಿ ಮಾತ್ರ ಕಟ್ಟುವುದು ಕ್ಷೇಮ.

ದುರ್ಯೋಧನನಿಗೆ ಒನ್ಸ್‌ ಮೋರ್

ಬೇಸಿಗೆಯ ರಾತ್ರಿಗಳಲ್ಲಿ ಊರ ಬಯಲಲ್ಲಿ ಕುರುಕ್ಷೇತ್ರ ನಾಟಕ. ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ಈ ಹವ್ಯಾಸಿ ಪೌರಾಣಿಕ ರಂಗಭೂಮಿಯ ವಿಶೇಷವೆಂದರೆ ಇಲ್ಲಿ ನಟನೇ ಹಣ ಕೊಟ್ಟು ಪಾತ್ರ ಪಡೆಯುತ್ತಾನೆ. ಕೃಷ್ಣ, ದುರ್ಯೋಧನರಂಥ ಪಾತ್ರಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಿಂದ ಡ್ರಾಮಾ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಸ್ತ್ರೀಪಾತ್ರಗಳಿಗೆ ಕರೆಸುವ ವೃತ್ತಿ ಕಲಾವಿದೆಯರ ಖರ್ಚು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು, ಕಂದಪದ್ಯ ಕಲಿಸುತ್ತಾರೆ. ಹಗಲು ಟೆಂಪೊ ಓಡಿಸುವವನು, ಹಾಲಿನ ಡೇರಿಯ ಕಾರ್ಯದರ್ಶಿ, ಪಂಚಾಯಿತಿ ಸದಸ್ಯ, ಎಲ್ಲರೂ ರಾತ್ರಿ ಕಿರೀಟ ತೊಡುತ್ತಾರೆ.

ಸಿಟ್ಟಿನ ದುರ್ಯೋಧನ ಗದೆ ಎತ್ತಿದಾಗ ಮುಂದಿನ ಸಾಲಿನಿಂದ “ಮಾವಾ, ನಿಧಾನ, ಸೊಂಟ!” ಎಂಬ ಕೂಗು ಬರುತ್ತದೆ. ಜನ ನಗುತ್ತಾರೆ, ಅವನೂ ಮೀಸೆಯಡಿ ನಗುತ್ತಾನೆ, ಮರುಕ್ಷಣ ಕಂದ ಎತ್ತಿಕೊಂಡರೆ ಎಲ್ಲರೂ ಮೌನ. ಹಾಡು ಚೆನ್ನಾಗಿ ಬಂದರೆ ಒನ್ಸ್ ಮೋರ್, ಕೊರಳಿಗೆ ನೋಟಿನ ಹಾರ. ಭಕ್ತಿ ಮತ್ತು ತಮಾಷೆ ಇಷ್ಟು ಸಲೀಸಾಗಿ ಒಟ್ಟಿಗೆ ಬಾಳುವ ರಂಗಭೂಮಿಯನ್ನು ನಮ್ಮ ನಾಟಕ ವಿಮರ್ಶೆ ಇನ್ನೂ ಸರಿಯಾಗಿ ಗೌರವಿಸಿಲ್ಲ.

ನಗುವಿಗೆ ಇನ್ನೊಂದು ವೇದಿಕೆ ಬಸ್ಸು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಕಾಲೇಜಿಗೆ ಹೋಗುವ ಹೆಂಗಸರಿಂದ ಬಸ್ಸುಗಳು ತುಂಬಿವೆ. ಬೆಳಗಿನ ಸೀಟುಗಳಲ್ಲಿ ಈಗ ಅವರದೇ ಮಾತು, ಅವರದೇ ಕುಚೋದ್ಯ.

ಸಂಜೆಯ ತಳ್ಳುಗಾಡಿ

ನೆಲಮಂಗಲ, ದಾಬಸ್‌ಪೇಟೆಯ ಕಡೆ ಗೋದಾಮು, ಕಾರ್ಖಾನೆಗಳ ಪಾಳಿ ಬಿಟ್ಟಾಗ ಮೆಣಸಿನಕಾಯಿ ಬಜ್ಜಿ, ಎಗ್ ರೈಸ್, ಗೋಬಿ ಮಂಚೂರಿಯ ಗಾಡಿಗಳು ಹೊತ್ತಿಕೊಳ್ಳುತ್ತವೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಕಡುಗೆಂಪು ಗೋಬಿ ಕಂಡರೆ ಈಗಲೂ ಬೇಡವೆನ್ನಿ. ಉತ್ತರ ಭಾರತದ ಕಾರ್ಮಿಕರು ಬಂದಂತೆ ರೊಟ್ಟಿ-ಸಬ್ಜಿಯ ಸಣ್ಣ ಹೋಟೆಲುಗಳೂ ಬಂದಿವೆ.

ಚಕ್ಕೋತದ ಊರು

ದೇವನಹಳ್ಳಿಯ ಹೆಮ್ಮೆ ಚಕ್ಕೋತ. ದಪ್ಪ ಸಿಪ್ಪೆ, ಒಳಗೆ ನಸುಗೆಂಪು ತೊಳೆ, ಕಹಿಯಿಲ್ಲದ ಸಿಹಿ; ಉಪ್ಪು-ಖಾರ ಉದುರಿಸಿ ತಿಂದರೆ ಬಿಡುವ ಹಣ್ಣಲ್ಲ. ದೇವನಹಳ್ಳಿ ಚಕ್ಕೋತಕ್ಕೂ ಈ ಭಾಗದ ಬೆಂಗಳೂರು ಬ್ಲೂ ದ್ರಾಕ್ಷಿಗೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ನೆಲದ ಬೆಲೆ ಏರಿ, ಚಕ್ಕೋತದ ತೋಟಗಳು ಒಂದೊಂದಾಗಿ ನಿವೇಶನಗಳಾದವು.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮಾತ್ರ ನೆಲ ಬಿಡಲಿಲ್ಲ. ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನ ಮಾಡುವ ಆದೇಶದ ವಿರುದ್ಧ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅಲ್ಲಿ ಬೆಳೆಯುವುದು ರಾಗಿ, ದ್ರಾಕ್ಷಿ, ತರಕಾರಿ, ಹೂವು, ಅಂದರೆ ಬೆಂಗಳೂರಿನ ಅಡುಗೆಮನೆ ದಿನ ಬೆಳಗಾದರೆ ಕೇಳುವ ಪದಾರ್ಥಗಳೇ.

ಚಕ್ಕೋತವನ್ನು ಗೂಟಿ ಕಟ್ಟಿ ಬೆಳೆಸಬಹುದು, ಹೆಚ್ಚು ಆರೈಕೆ ಬೇಡದ ಮರ. ಮನೆಯ ಹಿಂದೆ ಹತ್ತಡಿ ಜಾಗವಿದ್ದರೆ ಒಂದು ದೇವನಹಳ್ಳಿ ಚಕ್ಕೋತದ ಗಿಡ ನೆಡಿ. ಜಾಗವಿಲ್ಲದವರು ದೇವನಹಳ್ಳಿಯ ರಸ್ತೆ ಬದಿ ಬೆಳೆದವರೇ ಮಾರುವುದನ್ನು ಕಂಡಾಗ ಗಾಡಿ ನಿಲ್ಲಿಸಿ ಕೊಂಡುಕೊಳ್ಳಿ.